ಅಮ್ಮನ ಪತ್ರಕ್ಕಿಂತ ದೊಡ್ಡ ಕಥೆ: ಟೆನ್ನೆಸ್ಸೀ ಮತ್ತು ಹೆಂಗಸರ ಓಟಿನ ಹಕ್ಕು

ಅಮೆರಿಕದಲ್ಲಿ ಹೆಂಗಸರಿಗೆ ಓಟಿನ ಹಕ್ಕು ಹೇಗೆ ಬಂತು ಅಂತ ಹುಡುಕಿದರೆ ಒಂದು ಕಥೆ ಎಲ್ಲಾ ಕಡೆ ಸಿಗುತ್ತದೆ. 1920ರ ಆಗಸ್ಟ್. ಟೆನ್ನೆಸ್ಸೀ ರಾಜ್ಯದ ಶಾಸನಸಭೆ. 24 ವರ್ಷದ ಒಬ್ಬ ಶಾಸಕ, ಜೇಬಿನಲ್ಲಿ ಅಮ್ಮನ ಪತ್ರ. ಕೊನೇ ಗಳಿಗೆಯಲ್ಲಿ ಮನಸ್ಸು ಬದಲಿಸಿ ಓಟು ಹಾಕುತ್ತಾನೆ, ಇಡೀ ದೇಶದ ಹೆಂಗಸರಿಗೆ ಹಕ್ಕು ಸಿಗುತ್ತದೆ. ಕಥೆ ಸುಳ್ಳಲ್ಲ. ಪತ್ರ ಇತ್ತು, ಓಟೂ ಬಿತ್ತು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಎರಡು ದೊಡ್ಡ ಪ್ರಶ್ನೆ ಹಾಗೇ ಉಳಿದುಬಿಡುತ್ತವೆ. ಒಂದು ಸಣ್ಣ ಊರಿನ ಶಾಸಕನ ಕೈಗೆ ಇಡೀ ದೇಶದ ಹೆಂಗಸರ ಹಕ್ಕು ಹೋಗಿದ್ದಾದರೂ ಹೇಗೆ? ದಕ್ಷಿಣದ ರಾಜ್ಯಗಳು ಇದನ್ನು ಅಷ್ಟು ಹಟ ಹಿಡಿದು ವಿರೋಧಿಸಿದ್ದು, ಅದರಲ್ಲೂ ಹೆಂಗಸರೇ ಮುಂದೆ ನಿಂತು ವಿರೋಧಿಸಿದ್ದು ಯಾಕೆ? ಎರಡನೇ ಪ್ರಶ್ನೆಯ ಬೆನ್ನು ಹತ್ತಿದರೆ ಇದು ಬರೀ ಗಂಡಸು, ಹೆಂಗಸರ ಜಗಳ ಆಗಿರಲಿಲ್ಲ ಅನ್ನೋದು ಗೊತ್ತಾಗುತ್ತದೆ. ಜಗಳದ ಬುಡದಲ್ಲಿ ಇದ್ದದ್ದು ಮೈಬಣ್ಣ.

ಮೊದಲು ಅಲ್ಲಿನ ವ್ಯವಸ್ಥೆ ನೋಡೋಣ, ಅದು ಗೊತ್ತಿಲ್ಲದೆ ಮುಂದಿನದು ಅರ್ಥ ಆಗಲ್ಲ. ನಮ್ಮ ಸಂವಿಧಾನದ 326ನೇ ವಿಧಿ ದೇಶಕ್ಕೆಲ್ಲ ಒಂದೇ ಮಾತು ಹೇಳುತ್ತದೆ: ವಯಸ್ಸಿಗೆ ಬಂದ ನಾಗರಿಕರಿಗೆಲ್ಲ ಓಟು. ಅಮೆರಿಕದ ಸಂವಿಧಾನದಲ್ಲಿ ಇಂಥ ನೇರ ಮಾತು ಇಲ್ಲ. ಯಾರು ಓಟು ಹಾಕಬಹುದು ಅನ್ನೋದನ್ನು ಮೂಲತಃ ಆಯಾ ರಾಜ್ಯವೇ ತೀರ್ಮಾನ ಮಾಡುತ್ತದೆ. ಸಂವಿಧಾನದ ತಿದ್ದುಪಡಿಗಳು ಹೇಳೋದು ಇಷ್ಟೇ: ಇಂಥಿಂಥ ಕಾರಣ ಕೊಟ್ಟು ಯಾರನ್ನೂ ತಡೆಯಬೇಡಿ. 1870ರ 15ನೇ ತಿದ್ದುಪಡಿ, ಜನಾಂಗ, ಬಣ್ಣ, ಹಿಂದೆ ಗುಲಾಮರಾಗಿದ್ದದ್ದು ಇವು ಯಾವುದೂ ಕಾರಣ ಆಗಕೂಡದು ಅಂದಿತು. ಹೆಂಗಸರ 19ನೇ ತಿದ್ದುಪಡಿಯನ್ನು ಅದೇ ಮಾದರಿಯಲ್ಲಿ ಬರೆದರು, ಲಿಂಗ ಕಾರಣ ಆಗಕೂಡದು ಅಂತ. ಎರಡರಲ್ಲೂ ಎರಡನೇ ಭಾಗ ಒಂದು ಇದೆ. ಇದನ್ನು ಜಾರಿ ಮಾಡೋಕೆ ಬೇಕಾದ ಕಾನೂನು ತರುವ ಅಧಿಕಾರ ಕಾಂಗ್ರೆಸ್‌ಗೆ, ಅಂದರೆ ಅವರ ಸಂಸತ್ತಿಗೆ ಇರುತ್ತದೆ. ಈ ಎರಡನೇ ಭಾಗವನ್ನು ನೆನಪಿಟ್ಟುಕೊಳ್ಳಿ. ದಕ್ಷಿಣದ ರಾಜಕಾರಣಿಗಳ ನಿದ್ದೆ ಕೆಡಿಸಿದ್ದು ಅದೇ.

ಹೆಂಗಸರ ತಿದ್ದುಪಡಿ ಮೊದಲು ಕಾಂಗ್ರೆಸ್ ಮುಂದೆ ಬಂದದ್ದು 1878ರಲ್ಲಿ. ಎರಡೂ ಸದನ ದಾಟಿದ್ದು 1919ರ ಜೂನ್ 4ರಂದು. ಅಷ್ಟು ವರ್ಷ ಬೇಕಾಯಿತು. ಅಲ್ಲಿಗೂ ಮುಗಿಯಲಿಲ್ಲ. ಆಗ ಇದ್ದ 48 ರಾಜ್ಯಗಳಲ್ಲಿ 36 ರಾಜ್ಯಗಳ ಶಾಸನಸಭೆಗಳು ಒಪ್ಪಬೇಕಿತ್ತು. ಶುರುವಿನಲ್ಲಿ ಬೇಗ ಬೇಗ ಒಪ್ಪಿಗೆ ಬಂತು. 1920ರ ಮಾರ್ಚ್ 22ಕ್ಕೆ ವಾಷಿಂಗ್ಟನ್ ರಾಜ್ಯ ಒಪ್ಪಿದಾಗ ಲೆಕ್ಕ 35. ಇನ್ನೊಂದು ಸಿಕ್ಕರೆ ಸಾಕು.

ಆ ಇನ್ನೊಂದು ಸಿಗಲೇ ಇಲ್ಲ. ಡೆಲವೇರ್ ಕೈ ಕೊಟ್ಟಿತು. ಕನೆಕ್ಟಿಕಟ್, ವರ್ಮಾಂಟ್ ರಾಜ್ಯಗಳ ಗವರ್ನರ್‌ಗಳು ವಿಶೇಷ ಅಧಿವೇಶನ ಕರೆಯೋಕೇ ಒಪ್ಪಲಿಲ್ಲ. ಉಳಿದದ್ದು ಹೆಚ್ಚುಕಮ್ಮಿ ದಕ್ಷಿಣ ಮಾತ್ರ. ಅಲ್ಲಿ ಟೆಕ್ಸಾಸ್, ಆರ್ಕನ್ಸಾ, ಕೆಂಟಕಿ ಒಪ್ಪಿದ್ದವು ನಿಜ. ಆದರೆ ಜಾರ್ಜಿಯಾ, ಅಲಬಾಮಾ, ದಕ್ಷಿಣ ಕೆರೊಲಿನಾ, ವರ್ಜೀನಿಯಾ, ಮಿಸಿಸಿಪ್ಪಿ, ಲೂಯಿಸಿಯಾನಾ ಒಂದರ ಹಿಂದೆ ಒಂದು ತಳ್ಳಿಹಾಕಿದ್ದವು. ಕಣ್ಣಿಗೆ ಕಾಣುತ್ತಿದ್ದದ್ದು ಉತ್ತರ ಕೆರೊಲಿನಾ ಮತ್ತು ಟೆನ್ನೆಸ್ಸೀ.

ಟೆನ್ನೆಸ್ಸೀಯಲ್ಲಿ ಸ್ವಲ್ಪ ಆಸೆ ಇತ್ತು. 1919ರಲ್ಲೇ ಅಲ್ಲಿನ ಶಾಸನಸಭೆ ಅಧ್ಯಕ್ಷರ ಚುನಾವಣೆ ಮತ್ತು ನಗರಸಭೆ ಚುನಾವಣೆಗಳಲ್ಲಿ ಹೆಂಗಸರಿಗೆ ಓಟು ಕೊಟ್ಟಿತ್ತು. ಪೂರ್ತಿ ಹಕ್ಕಲ್ಲ, ಆದರೂ ದಕ್ಷಿಣದಲ್ಲಿ ಅದು ಸಣ್ಣ ವಿಷಯ ಆಗಿರಲಿಲ್ಲ. ಅಡ್ಡ ಬಂದದ್ದು ರಾಜ್ಯದ ಸಂವಿಧಾನದ ಒಂದು ನಿಯಮ. ಕೇಂದ್ರದಿಂದ ತಿದ್ದುಪಡಿ ಬಂದ ಮೇಲೆ ಹೊಸದಾಗಿ ಚುನಾವಣೆ ಆಗಿ, ಹೊಸ ಶಾಸಕರು ಬಂದ ನಂತರವೇ ಅದರ ಮೇಲೆ ಓಟು ಹಾಕಬೇಕು ಅಂತ ಅದು ಹೇಳುತ್ತಿತ್ತು. ಅಂದರೆ ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಏನೂ ಆಗೋ ಹಾಗಿರಲಿಲ್ಲ. ಆ ಗಂಟು ಬಿಚ್ಚಿದ್ದು ಸುಪ್ರೀಂ ಕೋರ್ಟ್. ಜೂನ್ 1ರಂದು ಒಹಾಯೊ ರಾಜ್ಯದ ಒಂದು ಕೇಸಿನಲ್ಲಿ, ತಿದ್ದುಪಡಿ ಒಪ್ಪುವ ಕೆಲಸವನ್ನು ದೇಶದ ಸಂವಿಧಾನ ಶಾಸನಸಭೆಗಳಿಗೆ ಕೊಟ್ಟಿದೆ, ಅದರ ಮೇಲೆ ರಾಜ್ಯಗಳು ತಮ್ಮದೇ ಷರತ್ತು ಹೇರುವ ಹಾಗಿಲ್ಲ ಎಂದು ತೀರ್ಪು ಬಂತು. ತೀರ್ಪು ಬಂದದ್ದೇ ತಡ, ಅಧ್ಯಕ್ಷ ವುಡ್ರೊ ವಿಲ್ಸನ್ ಟೆನ್ನೆಸ್ಸೀ ಗವರ್ನರ್ ಆಲ್ಬರ್ಟ್ ರಾಬರ್ಟ್ಸ್ ಮೇಲೆ ಒತ್ತಡ ಹಾಕಿದರು. ರಾಬರ್ಟ್ಸ್‌ಗೆ ತಮ್ಮದೇ ಚುನಾವಣೆ ತಲೆಮೇಲಿತ್ತು. ಪಕ್ಷದ ಒಳಗಿನ ಪ್ರೈಮರಿ, ಅಂದರೆ ಅಭ್ಯರ್ಥಿ ಆರಿಸುವ ಚುನಾವಣೆ, ಮುಗಿಯೋ ತನಕ ಕಾದು, ಆಗಸ್ಟ್ 9ಕ್ಕೆ ಅಧಿವೇಶನ ಕರೆದರು.

ಈಗ ಬಣ್ಣದ ವಿಷಯಕ್ಕೆ ಬರೋಣ.

ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ಕಪ್ಪು ಗಂಡಸರಿಗೆ ಓಟು ಸಿಕ್ಕಿತ್ತು. ಅವರು ಓಟು ಹಾಕಿದರು, ಗೆದ್ದು ಶಾಸನಸಭೆಗಳಲ್ಲೂ ಕೂತರು. ಹೆಚ್ಚುಕಮ್ಮಿ ಮೂವತ್ತು ವರ್ಷದಲ್ಲಿ ಅದನ್ನೆಲ್ಲ ಕಿತ್ತುಕೊಂಡದ್ದು ಕಾಗದದ ಮೇಲೆ ‘ಕಪ್ಪು’ ಅನ್ನುವ ಪದವನ್ನೇ ಬರೆಯದೆ. ತಲೆಗಂದಾಯ ಕಟ್ಟಿದ ರಸೀದಿ ತೋರಿಸಿದರೆ ಮಾತ್ರ ಓಟು. ಓದು ಬರಹದ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಓಟು, ಪಾಸೋ ಫೇಲೋ ಹೇಳೋನು ಬಿಳಿ ಅಧಿಕಾರಿ. ಇದ್ಯಾವುದಕ್ಕೂ ಬಗ್ಗದವರಿಗೆ ಹೊಡೆತ, ಬೆಂಕಿ, ಮರಕ್ಕೆ ನೇಣು. ಟೆನ್ನೆಸ್ಸೀ 1890ರಲ್ಲಿ ತಲೆಗಂದಾಯವನ್ನು ಓಟಿಗೆ ಗಂಟು ಹಾಕಿತು. ಅದಾದ ಎರಡೇ ವರ್ಷಕ್ಕೆ ಇದೇ ರಾಜ್ಯದ ಮೆಂಫಿಸ್‌ನಲ್ಲಿ ಮೂವರು ಕಪ್ಪು ಅಂಗಡಿಯವರನ್ನು ಬಿಳಿಯರ ಗುಂಪು ಕೊಂದಿತು. ಅದರ ವಿರುದ್ಧ ಬರೆದ ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರ ಪತ್ರಿಕೆ ಕಚೇರಿಯನ್ನು ಪುಡಿ ಮಾಡಿದರು. ಅವರು ಮತ್ತೆ ಮೆಂಫಿಸ್‌ಗೆ ಬಂದು ಬದುಕುವ ಹಾಗೆಯೇ ಇರಲಿಲ್ಲ. ಶಿಕಾಗೊದಲ್ಲಿ ನೆಲೆ ನಿಂತು, 1913ರಲ್ಲಿ ಕಪ್ಪು ಹೆಂಗಸರ ಓಟಿನ ಹಕ್ಕಿಗಾಗಿ ಆಲ್ಫಾ ಸಫ್ರೇಜ್ ಕ್ಲಬ್ ಕಟ್ಟಿದರು. ಅದೇ ವರ್ಷ ವಾಷಿಂಗ್ಟನ್‌ನಲ್ಲಿ ನಡೆದ ಹೆಂಗಸರ ದೊಡ್ಡ ಮೆರವಣಿಗೆಯಲ್ಲಿ, ದಕ್ಷಿಣದ ಬಿಳಿ ಹೆಂಗಸರಿಗೆ ಬೇಜಾರಾಗುತ್ತದೆ ಅಂತ, ವೆಲ್ಸ್ ಅವರಿಗೆ ಹಿಂದೆ ಹೋಗಿ ನಡೆಯಲು ಹೇಳಿದರು. ಅವರು ಹೋಗಲಿಲ್ಲ. ದಾರಿಯಲ್ಲಿ ಜನರ ನಡುವಿನಿಂದ ಬಂದು ತಮ್ಮ ಇಲಿನಾಯ್ ಗುಂಪಿನ ಜೊತೆಗೇ ಹೆಜ್ಜೆ ಹಾಕಿದರು.

ಇಷ್ಟು ಗೊತ್ತಿದ್ದರೆ 1920ರ ವಿರೋಧಿಗಳ ಕರಪತ್ರ ಓದಿದಾಗ ಅವರ ಭಯ ಏನು ಅಂತ ತಟ್ಟನೆ ತಿಳಿಯುತ್ತದೆ. ಮನೆ ಹಾಳಾಗುತ್ತದೆ, ಹೆಂಗಸರ ಮರ್ಯಾದೆ ಹೋಗುತ್ತದೆ ಅನ್ನುವ ಮಾತೂ ಅವುಗಳಲ್ಲಿ ಇದೆ. ಆದರೆ ಮತ್ತೆ ಮತ್ತೆ ಬರೋದು ಬೇರೆ ಮಾತು: ರಾಜ್ಯದ ಅಧಿಕಾರ ಕೇಂದ್ರದ ಪಾಲಾಗುತ್ತದೆ, ಕಪ್ಪು ಹೆಂಗಸರಿಗೂ ಓಟು ಬರುತ್ತದೆ, ಕೊನೆಗೆ ಎರಡು ಜನಾಂಗ ಸಮ ಆಗಿಬಿಡುತ್ತವೆ. ಎರಡನೇ ಭಾಗದ ಅಧಿಕಾರ ಹಿಡಿದು ಕಾಂಗ್ರೆಸ್ ದಕ್ಷಿಣದ ಚುನಾವಣೆಗಳನ್ನು ಒಮ್ಮೆ ಇಣುಕಿ ನೋಡಿದರೆ, ತಲೆಗಂದಾಯ, ಪರೀಕ್ಷೆ, ಬೆದರಿಕೆ ಎಲ್ಲ ಬಯಲಿಗೆ ಬರುತ್ತದೆ. ವಿರೋಧದ ತಿರುಳು ಅದು. ಇದರ ಜೊತೆಗೆ ದುಡ್ಡಿನ ಲೆಕ್ಕವೂ ಇತ್ತು. ಹೆಂಗಸರು ಓಟು ಹಾಕಿದರೆ ಪಾನನಿಷೇಧ ಬಿಗಿಯಾಗುತ್ತದೆ ಅಂತ ಮದ್ಯದವರು, ಮಕ್ಕಳ ದುಡಿಮೆಗೆ ತಡೆ ಬರುತ್ತದೆ ಅಂತ ಬಟ್ಟೆ ಗಿರಣಿಗಳವರು, ತಮ್ಮ ಹಿಡಿತ ತಪ್ಪುತ್ತದೆ ಅಂತ ರೈಲು ಕಂಪನಿಗಳವರು ತೆರೆಮರೆಯಲ್ಲಿ ಕೆಲಸ ಮಾಡಿದರು.

ಇಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. ಹಕ್ಕು ಕೇಳುತ್ತಿದ್ದ ಬಿಳಿ ಹೆಂಗಸರ ನಾಯಕಿಯರು ಈ ವಾದವನ್ನು ಎದುರಿಸಿ ನಿಲ್ಲಲಿಲ್ಲ. ಹೆಚ್ಚಿನವರು ಅದರ ಜೊತೆಗೇ ರಾಜಿ ಮಾಡಿಕೊಂಡರು. ರಾಷ್ಟ್ರೀಯ ಸಂಘಟನೆಯ ಅಧ್ಯಕ್ಷೆ ಕ್ಯಾರಿ ಚಾಪ್‌ಮನ್ ಕ್ಯಾಟ್ 1917ರಲ್ಲಿ, ಹೆಂಗಸರಿಗೆ ಓಟು ಕೊಟ್ಟರೆ ಬಿಳಿಯರ ಮೇಲುಗೈ ಗಟ್ಟಿಯಾಗುತ್ತದೆಯೇ ಹೊರತು ಸಡಿಲ ಆಗುವುದಿಲ್ಲ ಅಂತ ಬರೆದರು. ಬಿಳಿ ಹೆಂಗಸರ ಸಂಖ್ಯೆ ಜಾಸ್ತಿ ಅನ್ನೋದು ಲೆಕ್ಕಾಚಾರ. ತಂತ್ರಕ್ಕಾಗಿ ಹೇಳಿದ ಮಾತು ಅಂತ ಕೆಲವರು ಸಮಜಾಯಿಷಿ ಕೊಡುತ್ತಾರೆ. ಇರಬಹುದು. ಆದರೆ ಆ ತಂತ್ರದ ಬೆಲೆ ತೆತ್ತವರು ಬೇರೆಯವರು. ಇನ್ನೂ ಕೆಲವರು ಇದಕ್ಕಿಂತ ಮುಂದೆ ಹೋದರು. ಲೂಯಿಸಿಯಾನಾದ ಕೇಟ್ ಗಾರ್ಡನ್, ಕೆಂಟಕಿಯ ಲಾರಾ ಕ್ಲೇ ಇಬ್ಬರೂ ದಶಕಗಳ ಕಾಲ ಹೆಂಗಸರ ಓಟಿಗಾಗಿ ದುಡಿದವರು. ಅವರೇ 1920ರ ಆಗಸ್ಟ್‌ನಲ್ಲಿ ಟೆನ್ನೆಸ್ಸೀ ರಾಜಧಾನಿ ನ್ಯಾಶ್‌ವಿಲ್‌ಗೆ ಬಂದು ತಿದ್ದುಪಡಿಯ ವಿರುದ್ಧ ಓಡಾಡಿದರು. ಹೆಂಗಸರಿಗೆ ಓಟು ಬೇಕು, ಆದರೆ ಅದನ್ನು ರಾಜ್ಯ ಕೊಡಬೇಕು, ಕೇಂದ್ರ ಅಲ್ಲ ಅನ್ನುವ ಪಟ್ಟು. ರಾಜ್ಯ ಕೊಟ್ಟರೆ ಯಾವ ಹೆಂಗಸರಿಗೆ ಕೊಡಬೇಕು ಅನ್ನೋದನ್ನೂ ರಾಜ್ಯವೇ ಆರಿಸಬಹುದು, ಅಲ್ವಾ?

ಕಪ್ಪು ಹೆಂಗಸರು ಸುಮ್ನೆ ಕೂತಿರಲಿಲ್ಲ. ನ್ಯಾಶ್‌ವಿಲ್‌ನಲ್ಲಿ ಜೆ. ಫ್ರಾಂಕಿ ಪಿಯರ್ಸ್ ಮತ್ತು ವೈದ್ಯೆ ಮ್ಯಾಟಿ ಕೋಲ್ಮನ್ ಇದ್ದರು. 1919ರ ಕಾನೂನಿನಿಂದ ನಗರಸಭೆಯ ಓಟು ಸಿಕ್ಕಿದ್ದೇ ತಡ, ಮನೆ ಮನೆಗೆ ಹೋಗಿ ಸಾವಿರಾರು ಕಪ್ಪು ಹೆಂಗಸರ ಹೆಸರು ಪಟ್ಟಿಗೆ ಸೇರಿಸಿದರು. 1920ರ ಮೇ ತಿಂಗಳಲ್ಲಿ ಬಿಳಿ ಹೆಂಗಸರ ಸಮ್ಮೇಳನ ಶಾಸನಸಭೆಯ ಸಭಾಂಗಣದಲ್ಲೇ ನಡೆದಾಗ ಪಿಯರ್ಸ್ ಅಲ್ಲಿ ಮಾತಾಡಿದರು. ಆ ಕಾಲದ ದಕ್ಷಿಣದಲ್ಲಿ ಇದು ಊಹಿಸೋಕೂ ಕಷ್ಟವಾದ ದೃಶ್ಯ. ಕಪ್ಪು ಹೆಂಗಸರು ಓಟು ಇಟ್ಟುಕೊಂಡು ಏನು ಮಾಡುತ್ತಾರೆ ಅಂತ ನೀವು ಕೇಳುತ್ತೀರಿ, ನಾವು ಬಿಳಿ ಹೆಂಗಸರ ಜೊತೆ ನಿಲ್ಲುತ್ತೇವೆ, ಬದಲಿಗೆ ನಮ್ಮ ಜೊತೆ ನ್ಯಾಯವಾಗಿ ನಡೆದುಕೊಳ್ಳಿ, ಅಷ್ಟೇ ಕೇಳೋದು ಅನ್ನೋದು ಅವರ ಮಾತಿನ ಸಾರ. ಬೇಡಿಕೆಗಳನ್ನೂ ಹೆಸರಿಟ್ಟೇ ಹೇಳಿದರು. ಅದರಲ್ಲಿ ಒಂದು, ಕಷ್ಟಕ್ಕೆ ಸಿಕ್ಕಿದ ಕಪ್ಪು ಹುಡುಗಿಯರಿಗೆ ಸರ್ಕಾರದ ವೃತ್ತಿಶಿಕ್ಷಣ ಶಾಲೆ. ಆ ಶಾಲೆ 1923ರಲ್ಲಿ ಶುರುವಾಯಿತು. ಮೊದಲ ಮುಖ್ಯಸ್ಥೆ ಪಿಯರ್ಸ್ ಅವರೇ. ಇಡೀ ಟೆನ್ನೆಸ್ಸೀ ಕಥೆಯಲ್ಲಿ ಓಟು ಯಾತಕ್ಕೆ ಬೇಕು ಅಂತ ಇಷ್ಟು ಖಚಿತವಾಗಿ ಹೇಳಿದವರು ನನಗೆ ಬೇರೆ ಯಾರೂ ಕಾಣುವುದಿಲ್ಲ.

ವಿರೋಧಿ ಹೆಂಗಸರ ನಾಯಕಿ ಜೋಸೆಫೀನ್ ಪಿಯರ್ಸನ್. ಓದಿದವರು, ಕಾಲೇಜಿನಲ್ಲಿ ಕಲಿಸಿದವರು. ತನ್ನ ತಾಯಿ ಸಾಯುವ ಮುಂಚೆ, ಈ ತಿದ್ದುಪಡಿ ಟೆನ್ನೆಸ್ಸೀಗೆ ಬಂದರೆ ಅದರ ವಿರುದ್ಧ ಹೋರಾಡುತ್ತೇನೆ ಅಂತ ಮಾತು ಕೊಟ್ಟಿದ್ದಾಗಿ ಅವರು ಹೇಳಿಕೊಂಡರು. ಇಂಥವರನ್ನು ಗಂಡಸರ ಕೈಗೊಂಬೆ ಅಂತ ತಳ್ಳಿಹಾಕೋದು ಸುಲಭ, ಆದರೆ ಸರಿಯಲ್ಲ. ಭಾಷಣ ಮಾಡಿದರು, ಹಣ ಎತ್ತಿದರು, ಪ್ರದರ್ಶನ ಇಟ್ಟರು, ಶಾಸಕರನ್ನು ಹಿಡಿದು ನಿಲ್ಲಿಸಿ ವಾದ ಮಾಡಿದರು. ಬಿಳಿ ಮೇಲ್ವರ್ಗದ ಹೆಂಗಸರಿಗೆ ಆ ಸಮಾಜದಲ್ಲಿ ಒಂದು ಸ್ಥಾನ ಇತ್ತು, ಆ ಸ್ಥಾನ ನಿಂತದ್ದು ಬಣ್ಣದ ಮೆಟ್ಟಿಲ ಮೇಲೆ. ಮೆಟ್ಟಿಲು ಅಲುಗಾಡಿದರೆ ತಾವೂ ಬೀಳುತ್ತೇವೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎರಡೂ ಪಾಳೆಯದವರು ಬಂದು ಇಳಿದದ್ದು ಒಂದೇ ಕಡೆ, ಶಾಸನಸಭೆಗೆ ಹತ್ತಿರದ ಹರ್ಮಿಟೇಜ್ ಹೋಟೆಲ್‌ನಲ್ಲಿ. ಕ್ಯಾಟ್ ಕೆಲವೇ ದಿನಕ್ಕೆ ಅಂತ ಬಂದವರು ಒಂದು ತಿಂಗಳಿಗೂ ಜಾಸ್ತಿ ಅಲ್ಲೇ ಉಳಿದರು. ಪಿಯರ್ಸನ್ ಕೂಡ ಅಲ್ಲೇ ರೂಮು ಮಾಡಿದರು. ಪರವಾಗಿ ಇದ್ದವರಿಗೆ ಹಳದಿ ಗುಲಾಬಿ, ವಿರೋಧಿಗಳಿಗೆ ಕೆಂಪು ಗುಲಾಬಿ, ಶಾಸಕರ ಕೋಟಿನ ಮೇಲಿನ ಹೂವು ನೋಡಿಯೇ ಜನ ಲೆಕ್ಕ ಹಾಕುತ್ತಿದ್ದರು. ಹೋಟೆಲ್‌ನ ಎಂಟನೇ ಮಹಡಿಯಲ್ಲಿ ವಿರೋಧಿಗಳು ಶಾಸಕರಿಗೆ ಧಾರಾಳವಾಗಿ ವಿಸ್ಕಿ ಸುರಿದರು, ಅದೂ ಪಾನನಿಷೇಧ ಇದ್ದ ಕಾಲದಲ್ಲಿ. ಆ ರಾತ್ರಿಗಳಲ್ಲಿ ಕುಡಿದು ತೂರಾಡುತ್ತಿದ್ದ ಶಾಸಕರನ್ನು ಕ್ಯಾಟ್ ಮುಂದೆ ಅಸಹ್ಯದಿಂದ ನೆನೆಸಿಕೊಂಡಿದ್ದಾರೆ. ಪರವಾಗಿ ನಿಂತ ಸ್ಥಳೀಯ ಹೆಂಗಸರು ಜಿಲ್ಲೆ ಜಿಲ್ಲೆಗೂ ಹೋಗಿ ಒಬ್ಬೊಬ್ಬ ಶಾಸಕರ ಮಾತು ತೆಗೆದುಕೊಂಡು ಬಂದಿದ್ದರು. ನ್ಯಾಶ್‌ವಿಲ್‌ನ ಆನ್ ಡಲ್ಲಾಸ್ ಡಡ್ಲಿ, ಚಟನೂಗದ ಆಬಿ ಕ್ರಾಫರ್ಡ್ ಮಿಲ್ಟನ್, ಓಟಿನ ಹೋರಾಟದ ಇನ್ನೊಂದು ಬಣದ ನಾಯಕಿ ಆಲಿಸ್ ಪಾಲ್ ಅವರ ಕಡೆಯ ಸೂ ವೈಟ್, ಹೀಗೆ. ಸದನದ ಒಳಗೆ ಇವರ ಪರ ಲೆಕ್ಕ ಹಿಡಿದವರು ಮೆಂಫಿಸ್‌ನ ಜೋ ಹ್ಯಾನೊವರ್, ಪೋಲೆಂಡ್ ಕಡೆಯಿಂದ ವಲಸೆ ಬಂದ ಯಹೂದಿ ಕುಟುಂಬದವರು. ಅವರಿಗೆ ಬಂದ ಬೆದರಿಕೆ ನೋಡಿ ಗವರ್ನರ್ ಅಂಗರಕ್ಷಕನನ್ನೇ ಕೊಡಬೇಕಾಯಿತು.

ಆಗಸ್ಟ್ 13ರಂದು ಸೆನೆಟ್ 25–4ರಲ್ಲಿ ಸಲೀಸಾಗಿ ಒಪ್ಪಿತು. ಕಷ್ಟ ಇದ್ದದ್ದು ಕೆಳಮನೆಯಲ್ಲಿ. ಅಲ್ಲಿನ ಸ್ಪೀಕರ್ ಸೆತ್ ವಾಕರ್ ಮೊದಲು ಪರವಾಗಿ ಇದ್ದವರು, ಅಧಿವೇಶನದ ಹೊತ್ತಿಗೆ ವಿರೋಧಿಗಳ ಮುಂದಾಳು ಆಗಿದ್ದರು. ದಿನ ಕಳೆದ ಹಾಗೆ ಮಾತು ಕೊಟ್ಟಿದ್ದ ಒಬ್ಬೊಬ್ಬರೇ ಜಾರತೊಡಗಿದರು.

ಆಗಸ್ಟ್ 18, ಬುಧವಾರ. ಸದನದ ಬಲ 99, ಆವತ್ತು ಹಾಜರಿದ್ದವರು 96. ಗ್ಯಾಲರಿ ತುಂಬಿ ತುಳುಕುತ್ತಿತ್ತು. ವಾಕರ್ ಸ್ಪೀಕರ್ ಪೀಠದಿಂದ ಇಳಿದು ಬಂದು, ಗೊತ್ತುವಳಿಯನ್ನು ಬದಿಗಿಡಬೇಕು ಅಂತ ಸೂಚಿಸಿದರು. ಬದಿಗಿಟ್ಟರೆ ಕಥೆ ಅಲ್ಲಿಗೇ ಮುಗಿಯುತ್ತದೆ, ಯಾರೂ ನೇರವಾಗಿ ಹೆಂಗಸರ ವಿರುದ್ಧ ಓಟು ಹಾಕಿದ ಹೆಸರೂ ಬರುವುದಿಲ್ಲ. ಹೆಸರು ಕರೆದರು. 48–48. ಲೆಕ್ಕ ತಪ್ಪಿರಬೇಕು ಅಂತ ಮತ್ತೆ ಕರೆಸಿದರು. ಬದಿಗಿಡುವ ಕಡೆ ಹೋಗುತ್ತಾರೆ ಅಂದುಕೊಂಡಿದ್ದ ಶಾಸಕ ಬ್ಯಾಂಕ್ಸ್ ಟರ್ನರ್ ಅದರ ವಿರುದ್ಧ ಓಟು ಹಾಕಿದ್ದರು. ವಾಕರ್ ಅವರ ಹೆಗಲ ಮೇಲೆ ಕೈ ಹಾಕಿ ಕಿವಿಯಲ್ಲಿ ಮಾತಾಡಿದರು. ಟರ್ನರ್ ಬಗ್ಗಲಿಲ್ಲ. ಮತ್ತೆ 48–48.

ಇಲ್ಲೊಂದು ಸೂಕ್ಷ್ಮ ಇದೆ, ಕಥೆ ಹೇಳುವವರು ಇದನ್ನು ಜಾಸ್ತಿ ಬಿಡಿಸಿ ಹೇಳುವುದಿಲ್ಲ. ಸಮಬಲ ಆದರೆ ಸೂಚನೆ ಬಿದ್ದುಹೋಗುತ್ತದೆ. ಬದಿಗಿಡುವ ಸೂಚನೆ ಬಿದ್ದಾಗ ಅದು ಹೆಂಗಸರಿಗೆ ಒಳ್ಳೆಯದಾಯಿತು. ಆದರೆ ಮುಂದಿನ ಓಟು ನಡೆಯಬೇಕಾದದ್ದು ತಿದ್ದುಪಡಿಯ ಮೇಲೇ. ಅಲ್ಲೂ ಅದೇ 48–48 ಬಂದರೆ ಈ ಸಲ ಬೀಳೋದು ತಿದ್ದುಪಡಿ. ವಾಕರ್‌ಗೆ ಅದು ಗೊತ್ತಿತ್ತು, ಅದಕ್ಕೇ ತಕ್ಷಣ ಓಟು ನಡೆಯಲಿ ಅಂದರು. ಗ್ಯಾಲರಿಯಲ್ಲಿದ್ದ ಹಳದಿ ಗುಲಾಬಿಯವರಿಗೂ ಗೊತ್ತಿತ್ತು. ಅವರ ಪಟ್ಟಿಯಲ್ಲಿ ಇನ್ನೊಂದು ಹೆಸರು ಇರಲಿಲ್ಲ.

ಹ್ಯಾರಿ ಬರ್ನ್ ಮೆಕ್ಮಿನ್ ಕೌಂಟಿಯ ನಯೋಟಾ ಊರಿನವರು, ಸದನದಲ್ಲೇ ಚಿಕ್ಕವರು. ಕೋಟಿನ ಮೇಲೆ ಕೆಂಪು ಗುಲಾಬಿ. ಎರಡು ಸಲವೂ ಬದಿಗಿಡುವುದರ ಪರವೇ ಓಟು ಹಾಕಿದ್ದರು. ಅವರ ಕ್ಷೇತ್ರದಲ್ಲಿ ಅಭಿಪ್ರಾಯ ಒಡೆದಿತ್ತು, ನವೆಂಬರ್‌ನಲ್ಲಿ ಮತ್ತೆ ಚುನಾವಣೆಗೆ ನಿಲ್ಲಬೇಕಿತ್ತು. ಜೇಬಿನಲ್ಲಿ ತಾಯಿ ಫೆಬ್ ಬರ್ನ್ ಬರೆದ ಏಳು ಪುಟದ ಪತ್ರ. ಮನೆ ಸುದ್ದಿ, ಊರಿನ ಸುದ್ದಿ ನಡುವೆ ಈ ಮಾತು: ಹೆಂಗಸರ ಹಕ್ಕಿಗೆ ಓಟು ಹಾಕು, ಅವರನ್ನು ಅನುಮಾನದಲ್ಲಿ ಇಡಬೇಡ, ವಿರೋಧದ ಭಾಷಣಗಳನ್ನು ಪೇಪರ್‌ನಲ್ಲಿ ನೋಡಿದೆ, ಬಹಳ ಕಹಿಯಾಗಿದ್ದವು, ನೀನು ಯಾವ ಕಡೆ ಅಂತ ನೋಡುತ್ತಲೇ ಇದ್ದೇನೆ, ಇನ್ನೂ ಏನೂ ಕಂಡಿಲ್ಲ. ಒಳ್ಳೆ ಹುಡುಗನಾಗಿ ಮಿಸೆಸ್ ಕ್ಯಾಟ್‌ಗೆ ಸಹಾಯ ಮಾಡೋದನ್ನು ಮರೀಬೇಡ ಅಂತಲೂ ಸೇರಿಸಿದ್ದರು.

ಹೆಸರು ಕರೆದಾಗ ಬರ್ನ್ ‘ಆಯ್’ ಅಂದರು, ಅಂದರೆ ಹೌದು. ಎಷ್ಟು ಬೇಗ ಅಂದರು ಅಂದರೆ ಗ್ಯಾಲರಿಯವರಿಗೆ ಏನಾಯಿತು ಅಂತ ಅರಿವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ಟರ್ನರ್ ಕೂಡ ಗಟ್ಟಿ ನಿಂತರು. 49–47.

ಮರುದಿನ ಬರ್ನ್ ಸದನದ ದಾಖಲೆಗೆ ಹೇಳಿಕೆ ಕೊಟ್ಟರು. ತಾಯಿ ಮಾತು ಕೇಳೋದೇ ಮಗನಿಗೆ ಎಲ್ಲಕ್ಕಿಂತ ಸುರಕ್ಷಿತ ಅಂದದ್ದು ಪ್ರಸಿದ್ಧ ಆಯಿತು. ನನಗೆ ಮುಖ್ಯ ಅನ್ನಿಸೋದು ಅವರು ಮುಂದೆ ಕೊಟ್ಟ ಇನ್ನೊಂದು ಕಾರಣ: ನಮ್ಮಮ್ಮ ಕಾಲೇಜು ಓದಿದವಳು, ದೇಶ ವಿದೇಶದ ವಿಷಯ ತಿಳಿದವಳು, ಅವಳಿಗೆ ಓಟಿಲ್ಲ. ನಮ್ಮ ಜಮೀನಿನಲ್ಲಿ ಗೇಣಿಗೆ ದುಡಿಯುವ ಅಕ್ಷರ ಬಾರದವರಿಗೆ ಓಟಿದೆ. ಮಗನ ಕಣ್ಣಿಗೆ ಅದು ಅನ್ಯಾಯವಾಗಿ ಕಂಡದ್ದು ಸಹಜ. ಆದರೆ ಓದಿದವರ ಓಟಿಗೆ ತೂಕ ಜಾಸ್ತಿ ಅನ್ನುವ ಭಾವನೆ ಅದರಲ್ಲೂ ಅಡಗಿದೆ. ಬಡವರನ್ನು, ಕಪ್ಪು ಜನರನ್ನು ಹೊರಗಿಡುತ್ತಿದ್ದ ಪರೀಕ್ಷೆಗಳು ನಿಂತದ್ದೂ ಅದೇ ಭಾವನೆಯ ಮೇಲೆ.

ವಾಕರ್ ಸೋಲು ಒಪ್ಪಲಿಲ್ಲ. ತಟ್ಟನೆ ತಮ್ಮ ಓಟನ್ನು ‘ಹೌದು’ಗೆ ಬದಲಿಸಿದರು. ಗೆದ್ದ ಕಡೆಯವರು ಮಾತ್ರ ಮರುಪರಿಶೀಲನೆ ಕೇಳಬಹುದು ಅನ್ನೋದು ನಿಯಮ, ಆ ಬಾಗಿಲು ತೆರೆದಿಡೋಕೆ ಈ ಉಪಾಯ. ಆದರೆ 99ರ ಸದನದಲ್ಲಿ 49 ಅರ್ಧಕ್ಕಿಂತ ಕಡಿಮೆ, ಪೂರ್ಣ ಬಹುಮತ ಆಗಲಿಲ್ಲ ಅಂತ ಕೋರ್ಟಿಗೆ ಹೋಗಲು ವಿರೋಧಿಗಳಿಗೆ ಒಂದು ದಾರಿ ಇತ್ತು. ವಾಕರ್ ಓಟು ಸೇರಿ 50 ಆಯಿತು, ಆ ದಾರಿಯನ್ನು ಅವರೇ ಮುಚ್ಚಿದ ಹಾಗಾಯಿತು.

ಮುಂದಿನ ಕೆಲ ದಿನ ವಾಕರ್ ಕಡೆಯವರು ಒಂದಾದರೂ ಓಟು ಎಳೆಯೋಕೆ ನೋಡಿದರು. ಬರ್ನ್ ಮೇಲೆ ಲಂಚದ ಆರೋಪವೂ ಬಂತು. ಯಾರೂ ಕದಲಲಿಲ್ಲ. ಮರುಪರಿಶೀಲನೆಯ ಗಡುವು ಮುಗಿಯುವ ರಾತ್ರಿ ಮೂವತ್ತಕ್ಕೂ ಹೆಚ್ಚು ವಿರೋಧಿ ಶಾಸಕರು ರೈಲು ಹತ್ತಿ ರಾಜ್ಯದ ಗಡಿ ದಾಟಿ ಅಲಬಾಮಾದ ಡೆಕಟೂರ್‌ಗೆ ಹೋಗಿ ಕೂತರು. ಕೋರಂಗೆ ಮೂರನೇ ಎರಡು ಭಾಗ ಬೇಕು, ಅದು ಇಲ್ಲದಿದ್ದರೆ ಸದನ ನಡೆಯೋ ಹಾಗಿಲ್ಲ ಅನ್ನುವ ಎಣಿಕೆ. ಶಾಸಕರನ್ನು ಹೊರರಾಜ್ಯದ ರೆಸಾರ್ಟ್‌ಗೆ ಸಾಗಿಸಿದ ಸುದ್ದಿ ಎಷ್ಟೋ ಸಲ ಓದಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರು 21ನೇ ತಾರೀಕು ಸಭೆ ಸೇರಿ ಮರುಪರಿಶೀಲನೆಯನ್ನು ಸೋಲಿಸಿದರು. ಗವರ್ನರ್ ಸಹಿ ಹಾಕದಂತೆ ಒಬ್ಬ ನ್ಯಾಯಾಧೀಶರಿಂದ ತಡೆಯಾಜ್ಞೆ ಬಂತು, ರಾಜ್ಯದ ಅಟಾರ್ನಿ ಜನರಲ್ ಅದನ್ನು ಮೇಲಿನ ಕೋರ್ಟಿನಲ್ಲಿ ತೆರವು ಮಾಡಿಸಿದರು. 24ರಂದು ರಾಬರ್ಟ್ಸ್ ಸಹಿ ಹಾಕಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದರು. 26ರ ಬೆಳಿಗ್ಗೆ ವಾಷಿಂಗ್ಟನ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಜ್ ಕೋಲ್ಬಿ ತಮ್ಮ ಮನೆಯಲ್ಲೇ ಅಂಕಿತ ಹಾಕಿದರು. ಒಂದು ಫೋಟೊ ಕೂಡ ಇಲ್ಲ, ಹೋರಾಡಿದ ಒಬ್ಬ ಹೆಣ್ಣುಮಗಳೂ ಆ ಕೋಣೆಯಲ್ಲಿ ಇರಲಿಲ್ಲ. ಸಹಿಯಾದ ಮೇಲೂ ಟೆನ್ನೆಸ್ಸೀ ಕೆಳಮನೆ ಆಗಸ್ಟ್ 31ರಂದು ಮತ್ತೆ ಸೇರಿ ಒಪ್ಪಿಗೆ ವಾಪಸ್ ಅಂತ ಓಟು ಹಾಕಿತು, ಅದಕ್ಕೆ ಬೆಲೆ ಬರಲಿಲ್ಲ. 1922ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬರ್ನ್ ಮತ್ತೆ ಗೆದ್ದರು. ರಾಬರ್ಟ್ಸ್ ನವೆಂಬರ್‌ನಲ್ಲಿ ಸೋತರು.

ಹಾಗಾದರೆ ಯಾರಿಗೆ ಓಟು ಸಿಕ್ಕಿತು? ಕೋಟ್ಯಂತರ ಹೆಂಗಸರಿಗೆ ಸಿಕ್ಕಿತು, ಅದನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಆದರೆ ಜಾರ್ಜಿಯಾ, ಮಿಸಿಸಿಪ್ಪಿಗಳಲ್ಲಿ ಹೆಸರು ನೋಂದಾಯಿಸುವ ಗಡುವು ಮುಗಿದಿದೆ ಅಂತ ಹೇಳಿ ಆ ನವೆಂಬರ್‌ನಲ್ಲಿ ಹೆಂಗಸರಿಗೆ ಓಟು ಹಾಕಲು ಬಿಡಲಿಲ್ಲ. ದಕ್ಷಿಣದ ಉದ್ದಕ್ಕೂ ಕಪ್ಪು ಹೆಂಗಸರು ಸಾಲಿನಲ್ಲಿ ನಿಂತರೆ ಅವರ ಗಂಡಂದಿರನ್ನು ತಡೆದಿದ್ದ ಅದೇ ಪರೀಕ್ಷೆ, ಅದೇ ಗಂದಾಯ, ಅದೇ ಬೆದರಿಕೆ ಎದುರಾಯಿತು. ನಮ್ಮವರ ವಿಷಯ ಕೇಳಿ: 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂತ ತೀರ್ಪಾಯಿತು. 1946ರ ತನಕ ಅಲ್ಲಿಗೆ ವಲಸೆ ಹೋದ ಭಾರತದ ಹೆಂಗಸಿಗೆ ನಾಗರಿಕಳಾಗುವ ದಾರಿಯೇ ಇರಲಿಲ್ಲ, ಇನ್ನು ಓಟೆಲ್ಲಿ?

ಅದೇ ಹೊತ್ತಿಗೆ ಇಲ್ಲೂ ಇಂಥದ್ದೇ ನಡೆಯುತ್ತಿತ್ತು. ಹೆಂಗಸರ ಓಟಿನ ತೀರ್ಮಾನವನ್ನು ಬ್ರಿಟಿಷರು ಪ್ರಾಂತ್ಯಗಳ ಮೇಲೆ ಹಾಕಿದರು, 1921ರಲ್ಲಿ ಮದ್ರಾಸ್ ಒಪ್ಪಿತು. ಆಗ ದಕ್ಷಿಣ ಕನ್ನಡ, ಬಳ್ಳಾರಿ ಅದರಲ್ಲೇ ಇದ್ದವು. ಆಸ್ತಿಯ ಷರತ್ತು ಇದ್ದದ್ದರಿಂದ ಓಟು ಸಿಕ್ಕಿದ್ದು ಕೆಲವೇ ಹೆಂಗಸರಿಗೆ. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ನಿಂತು ಸ್ವಲ್ಪದರಲ್ಲಿ ಸೋತರು. ಇದೇ ಕಮಲಾದೇವಿ 1941ರ ಸುಮಾರಿಗೆ ಅಮೆರಿಕ ಸುತ್ತುವಾಗ ಲೂಯಿಸಿಯಾನಾದಲ್ಲಿ ರೈಲಿನ ಬಿಳಿಯರ ಬೋಗಿಯಲ್ಲಿ ಕೂತಿದ್ದರು. ಟಿಕೆಟ್ ಕಲೆಕ್ಟರ್ ಎದ್ದು ಹೋಗಲು ಹೇಳಿದ. ಅವರು ಭಾರತದವರು ಅಂತ ತಿಳಿದ ಮೇಲೆ ಅವನ ದನಿ ಬದಲಾಯಿತು, ಆದರೆ ಕಮಲಾದೇವಿ ಆ ವಿನಾಯಿತಿ ತೆಗೆದುಕೊಳ್ಳಲಿಲ್ಲ. ನಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವುದಿಲ್ಲ ಅಂದರು. ಏಳಲಿಲ್ಲ.

ಟೆನ್ನೆಸ್ಸೀಯಲ್ಲಿ ತಲೆಗಂದಾಯ ಸಂವಿಧಾನದಿಂದ ಹೋದದ್ದು 1953ರಲ್ಲಿ. ಮೆಂಫಿಸ್ ಪಕ್ಕದ ಫಯೆಟ್ ಕೌಂಟಿಯಲ್ಲಿ ಅದಾದ ಮೇಲೂ, 1960ರಲ್ಲಿ, ಓಟಿಗೆ ಹೆಸರು ಬರೆಸಿದ ಕಪ್ಪು ಗೇಣಿದಾರ ಕುಟುಂಬಗಳನ್ನು ಬಿಳಿ ಜಮೀನುದಾರರು ಮನೆಯಿಂದ ಹೊರಹಾಕಿದರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಚಳಿಗಾಲದಲ್ಲಿ ಆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಒಬ್ಬ ಕಪ್ಪು ರೈತರ ಹೊಲದಲ್ಲಿ ಡೇರೆ ಹಾಕಿಕೊಂಡು ಬದುಕಿದರು. ಜನ ಅದನ್ನು ಟೆಂಟ್ ಸಿಟಿ ಅಂತ ಕರೆದರು. ಹೆಸರು ಮಾತ್ರ ಪಟ್ಟಿಯಿಂದ ತೆಗೆಸಲಿಲ್ಲ. 19ನೇ ತಿದ್ದುಪಡಿಗೆ ಬೆಲೆ ಬಂದದ್ದು ಇಂಥವರಿಂದ ಅಂತ ನಾನು ನಂಬುತ್ತೇನೆ. ನ್ಯಾಶ್‌ವಿಲ್ ಕಡೆ ಇರುವ ಕನ್ನಡಿಗರು ಸೆಂಟೆನ್ನಿಯಲ್ ಪಾರ್ಕ್‌ಗೆ ಹೋದರೆ 2016ರಲ್ಲಿ ಇಟ್ಟ ಕಂಚಿನ ಶಿಲ್ಪದಲ್ಲಿ ಕ್ಯಾಟ್, ಡಡ್ಲಿ, ಮಿಲ್ಟನ್, ವೈಟ್ ಅವರ ಜೊತೆಗೆ ಫ್ರಾಂಕಿ ಪಿಯರ್ಸ್ ಕೂಡ ನಿಂತಿರೋದು ಕಾಣುತ್ತದೆ. ಮಕ್ಕಳಿಗೆ ಬರ್ನ್ ಕಥೆ ಹೇಳುವಾಗ ಅವರ ಕಥೆಯನ್ನೂ ಹೇಳಿ.

ಕೊನೆಗೆ ಆ ಎರಡನೇ ಭಾಗ. ಹಕ್ಕನ್ನು ಜಾರಿ ಮಾಡಲು ಕಾಂಗ್ರೆಸ್ ಕಾನೂನು ತರಬಹುದು ಅನ್ನುವ 15ನೇ ತಿದ್ದುಪಡಿಯ ಮಾತನ್ನು ದಕ್ಷಿಣದಲ್ಲಿ ಪೂರ್ತಿ ಬಳಸಿದ್ದು 1965ರ ಮತದಾನ ಹಕ್ಕು ಕಾಯ್ದೆಯಲ್ಲಿ. ಆಗಸ್ಟ್ 6ರಂದು ಕಾಯ್ದೆ ಬಂತು. ಅದೇ ತಿಂಗಳು ಕೇಂದ್ರದ ಅಧಿಕಾರಿಗಳು ದಕ್ಷಿಣದ ಕೌಂಟಿಗಳಿಗೆ ಹೋಗಿ ಮೇಜು ಹಾಕಿ ಕೂತು, ಕಪ್ಪು ಗಂಡಸರು, ಹೆಂಗಸರ ಹೆಸರನ್ನು ತಾವೇ ಪಟ್ಟಿಗೆ ಬರೆದುಕೊಂಡರು. ಮೊದಲು ಹೋದದ್ದು ಅಲಬಾಮಾ, ಮಿಸಿಸಿಪ್ಪಿ, ಲೂಯಿಸಿಯಾನಾಗೆ, ಅಂದರೆ 19ನೇ ತಿದ್ದುಪಡಿಯನ್ನು ತಳ್ಳಿಹಾಕಿದ್ದ ಮೂರು ರಾಜ್ಯಗಳಿಗೆ. ಕೇಂದ್ರದವರು ಬಂದು ನಮ್ಮ ಚುನಾವಣೆ ನೋಡುತ್ತಾರೆ ಅಂತ 1920ರಲ್ಲಿ ಕೆಂಪು ಗುಲಾಬಿಯವರು ಹೆದರಿದ್ದು ಸರಿಯಾಗಿಯೇ ಇತ್ತು. ಬರೋಕೆ 45 ವರ್ಷ ತಡವಾಯಿತು.